ಚಿಲಕದ ಹತ್ತಿರದ ಜಾಗ

ಬಂಗಾರಪೇಟೆಯಿಂದ ಉರಿಗಾಂಗೆ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹನ್ನೊಂದು ವರ್ಷ ಓಡಾಡಿದೆ. ಅಷ್ಟೂ ವರ್ಷ ಒಂದು ದಿನವೂ ಕೂತು ಹೋಗಲಿಲ್ಲ. ಸೀಟು ಸಿಗುತ್ತಿರಲಿಲ್ಲ ಎಂದಲ್ಲ. ಕರೆದು ಕೂರಿಸುವ ಪುಣ್ಯಾತ್ಮರು ಬೇಕಾದಷ್ಟು ಜನರಿದ್ದರು. ಆದರೆ ಬಾಗಿಲು ಬಿಟ್ಟು ನಾಲ್ಕು ಹೆಜ್ಜೆ ಒಳಗೆ ಹೋದರೆ ನನಗೆ ಉಸಿರು ಕಟ್ಟುತ್ತಿತ್ತು. ಎದೆಯ ಮೇಲೆ ಯಾರೋ ಕೂತಂತಾಗಿ, ಅಂಗೈ ಒದ್ದೆಯಾಗಿ, ಈಗ ಸತ್ತೆ, ಇನ್ನೇನು ಸತ್ತೆ ಅನ್ನಿಸುತ್ತಿತ್ತು. ಸಾಯುತ್ತಿರಲಿಲ್ಲ, ಅದು ಬೇರೆ ಮಾತು.

ನಮ್ಮದು ಬೂದಿಕೋಟೆ ಕಡೆಯ ಹಳ್ಳಿ. ಒಂದಿಷ್ಟು ರಾಗಿ ಹೊಲ, ಎರಡು ಸೀಮೆಹಸು, ಡೈರಿಗೆ ಹಾಲು. ನಾನು ಟೈಪಿಂಗ್ ಕಲಿತು ಉರಿಗಾಂ ಪಕ್ಕದ ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಊರಿಂದ ಬಂಗಾರಪೇಟೆಗೆ ಬಸ್ಸಿತ್ತು, ಆದರೆ ಆ ಬಸ್ಸಿಗೆ ಒಂದೇ ಬಾಗಿಲು. ಅದರಲ್ಲಿ ಕಂಡಕ್ಟರು ಜನರನ್ನು ಒಳಕ್ಕೆ ಒಳಕ್ಕೆ ಎಂದು ತಳ್ಳುತ್ತಿದ್ದ. ಮಾರ್ಗಶಿರದ ಚಳಿ ಶುರುವಾದರೆ ಕಿವಿಗೆ ಮಫ್ಲರ್ ಸುತ್ತಿದ ಗಂಡಸರೆಲ್ಲ ಕಿಟಕಿ ಮುಚ್ಚಿ, ಒಬ್ಬರ ಬಾಯಿಂದ ಬಂದ ಗಾಳಿಯನ್ನು ಇನ್ನೊಬ್ಬರು ಕುಡಿಯುತ್ತ ಸುಖವಾಗಿ ತೂಕಡಿಸುತ್ತಿದ್ದರು. ನಾನು ಸೈಕಲ್ ಕೊಂಡೆ. ಊರವರು ನನ್ನನ್ನು ತೋರಿಸಿ, ನೋಡ್ರಪ್ಪ, ಆಫೀಸರಾದರೂ ದೇಹ ದಂಡಿಸ್ತಾನೆ ಅಂದರು. ನಾನು ಆಫೀಸರೂ ಅಲ್ಲ, ನನಗೆ ದೇಹ ದಂಡಿಸುವ ಚಟವೂ ಇರಲಿಲ್ಲ.

ನಮ್ಮ ಜನರ ಬುದ್ಧಿಯೇ ಅಷ್ಟು. ಎದುರಿಗೆ ಒಬ್ಬ ಹೆದರಿ ನಡುಗುತ್ತಿದ್ದರೂ ಅವರಿಗೆ ಕಾಣಿಸುವುದಿಲ್ಲ. ಅದಕ್ಕೊಂದು ಒಳ್ಳೆಯ ಹೆಸರು ಕೊಟ್ಟು ಊಟಕ್ಕೆ ಹೋಗುತ್ತಾರೆ. ಮದುವೆಗಳಲ್ಲಿ ನಾನು ಛತ್ರದೊಳಗೆ ಹೋಗದೆ ಹೊರಗೆ ಚಪ್ಪಲಿಗಳ ಪಕ್ಕ ಕೂರುತ್ತಿದ್ದೆ. ಎಷ್ಟು ವಿನಯ ಅಂದರು. ಟಾಕೀಸಿನಲ್ಲಿ ಬಾಗಿಲು ಮುಚ್ಚಿ ಕಪ್ಪು ಪರದೆ ಎಳೆದ ಹತ್ತು ನಿಮಿಷಕ್ಕೆ ಎದ್ದು ಬರುತ್ತಿದ್ದೆ. ಇವನಿಗೆ ಕಂಡಕಂಡ ಪಿಕ್ಚರೆಲ್ಲ ಹಿಡಿಸೋದಿಲ್ಲ, ರುಚಿ ಇರೋ ಮನುಷ್ಯ ಅಂದರು. ಚಿಕ್ಕವನಿದ್ದಾಗ ನಾನು ಹಗೇವಿಗೆ, ಅಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿಗೆ, ಬಿದ್ದಿದ್ದೆ ಎಂದು ನಮ್ಮ ಅತ್ತೆಯೊಬ್ಬಳು ಕಥೆ ಕಟ್ಟಿದಳು. ನಾನು ಹಗೇವಿನ ಬಾಯಿಯಲ್ಲಿ ಇಣುಕಿದವನೂ ಅಲ್ಲ. ಅವಳ ಮಾತು ಕೇಳಿ ಅಮ್ಮ ಒಂದು ತಾಯತ ಕಟ್ಟಿಸಿದಳು. ಅದು ಕುತ್ತಿಗೆಗೆ ಬಿಗಿಯಾಗಿ ಕಾಯಿಲೆ ಇನ್ನಷ್ಟು ಜಾಸ್ತಿಯಾಯಿತು.

ಆದರೆ ಈ ಮೂಢರ ಕಣ್ಣಿಗೆ ಕಾಣದಿರುವುದೇ ನನಗೂ ಬೇಕಾಗಿತ್ತು. ಬೇರೆ ಊರಾಗಿದ್ದರೆ ಹೇಳಿಕೊಳ್ಳಬಹುದಿತ್ತೇನೋ. ನಾನು ಕೆಲಸ ಮಾಡುತ್ತಿದ್ದುದು ಗಂಡಸರು ಬೆಳಗಾದರೆ ಬುತ್ತಿ ಹಿಡಿದು ಕಬ್ಬಿಣದ ಕೇಜಿನಲ್ಲಿ ಒಬ್ಬರ ಮೈಗೊಬ್ಬರು ಅಂಟಿ ನಿಂತು ಚಿನ್ನದ ಗಣಿಯ ಕಗ್ಗತ್ತಲೆಗೆ ಇಳಿಯುವ ಊರಿನಲ್ಲಿ. ಅಲ್ಲಿ ರೈಲುಡಬ್ಬಿಗೆ ಹೆದರುವ ಟೈಪಿಸ್ಟ್ ಒಬ್ಬನಿದ್ದಾನೆ ಎಂದು ಗೊತ್ತಾದರೆ ಟೀ ಅಂಗಡಿಗಳಿಗೆ ಒಂದು ವರ್ಷಕ್ಕಾಗುವಷ್ಟು ನಗು. ಗಂಡಸು ಅನ್ನಿಸಿಕೊಳ್ಳುವುದನ್ನು ಅವತ್ತಿಗೇ ಬಿಡಬೇಕಿತ್ತು.

ಇನ್ನು ಆ ರೈಲಿನ ಪಾಸಿನವರ ವಿಷಯ ಹೇಳಬೇಕು. ತಿಂಗಳ ಪಾಸು ಮಾಡಿಸಿಕೊಂಡು ಓಡಾಡುವ ಗುಮಾಸ್ತರು, ಮೇಷ್ಟ್ರುಗಳು, ಬ್ಯಾಂಕಿನವರು. ಮೊಣಕಾಲುಗಳ ಮೇಲೆ ಟವೆಲ್ ಹಾಸಿ ಇಸ್ಪೀಟು ಆಡುವ ಈ ಮಹನೀಯರು ಒಂದು ಬೋಗಿಯನ್ನು ತಾತನ ಆಸ್ತಿ ಮಾಡಿಕೊಂಡಿದ್ದರು. ಬಂಗಾರಪೇಟೆಯಲ್ಲಿ ತಾವು ಹತ್ತಿದ ಕೂಡಲೇ ಒಳಗಿನಿಂದ ಚಿಲಕ ಹಾಕುವುದು ಅವರ ಪದ್ಧತಿ. ಸೊಪ್ಪು, ಹೂವು, ಮೊಸರಿನ ಗಡಿಗೆ ಹೊತ್ತು ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಹೊರಟ ಹಳ್ಳಿ ಹೆಂಗಸರು ಬಾಗಿಲು ಬಡಿದು ಬಡಿದು ಸಾಕಾಗಿ ಬೇರೆ ಡಬ್ಬಿಗೆ ಓಡಬೇಕು. ಇವರ ಮನೆಗಳಲ್ಲಿ ಅದೇ ಸೊಪ್ಪಿನ ಸಾರು.

ಮೊದಮೊದಲು ಆ ಚಿಲಕ ಬಿದ್ದ ಸದ್ದಿಗೇ ನನ್ನ ಜೀವ ಬಾಯಿಗೆ ಬರುತ್ತಿತ್ತು. ಆಮೇಲೊಂದು ಉಪಾಯ ಹೊಳೆಯಿತು. ಚಿಲಕವನ್ನು ಬೇರೆಯವರು ಹಾಕಿದರೆ ನಾನು ಸೆರೆಯಾಳು, ನಾನೇ ಹಾಕಿದರೆ ಅಲ್ಲ. ಕೈ ಚಿಲಕದ ಮೇಲಿರುವವರೆಗೆ, ಬಾಗಿಲ ಕಿಟಕಿಯ ಗಾಳಿ ಮುಖಕ್ಕೆ ಬಡಿಯುವವರೆಗೆ ನನಗೆ ಏನೂ ಆಗುವುದಿಲ್ಲ. ಬುಟ್ಟಿಯ ಹೆಂಗಸರು ಒಳಗೆ ಬಂದರೆ ಬಾಗಿಲಲ್ಲೇ ಬುಟ್ಟಿ ಇಳಿಸುತ್ತಾರೆ, ನನ್ನನ್ನು ನಡುವಿಗೆ ತಳ್ಳುತ್ತಾರೆ. ಆದ್ದರಿಂದ ಅವರು ಬರಬಾರದು. ಹೀಗೆ ನಾನು ಆ ಬೋಗಿಯ ಬಾಗಿಲು ಕಾಯುವವನಾದೆ. ಇಸ್ಪೀಟಿನವರು ಸಂತೋಷಪಟ್ಟು ಬಾಗಿಲು ಮಂತ್ರಿ ಎಂದು ಬಿರುದು ಕೊಟ್ಟರು. ಇವನಿದ್ದರೆ ನೊಣವೂ ಒಳಗೆ ಬರೋದಿಲ್ಲ ಎಂದು ಹೊಸಬರಿಗೆ ಹೇಳುತ್ತಿದ್ದರು.

ಹೊರಗಿನವರು ಬೇರೆ ಬಿರುದು ಕೊಟ್ಟರು. ನಮ್ಮ ಊರ ಕಡೆಯವಳೇ ಆದ ಸೊಪ್ಪಿನ ಮುದುಕಿಯೊಬ್ಬಳು ದಿನಾ ಬಂದು ಅಂಗೈಯಿಂದ ಬಾಗಿಲಿಗೆ ಬಡಿದು, "ನಿನ್ ಮನೆ ಆಳಾಗ, ತೆಗಿಯೋ ಬಾಗ್ಲು!" ಅನ್ನುತ್ತಿದ್ದಳು. ಅವಳ ಹಿಂದಿನವರು ಅದನ್ನೇ ತೆಲುಗಿನಲ್ಲೂ ತಮಿಳಿನಲ್ಲೂ ಹೇಳುತ್ತಿದ್ದರು. ನಾನು ಕಿಟಕಿಯಲ್ಲಿ ಮುಖ ಇಟ್ಟುಕೊಂಡು, ಅವಳನ್ನು ಕಂಡೂ ಕಾಣದವನಂತೆ ಸಿಗ್ನಲ್ ಕಂಬ ನೋಡುತ್ತಿದ್ದೆ. ಅವಳ ಮೇಲೆ ನನಗೆ ಕನಿಕರ ಇರಲಿಲ್ಲ. ಮುಂದಿನ ಡಬ್ಬಿಗೆ ಹೋಗಿ ಸಾಯಬಾರದೇ ಎಂದು ಸಿಟ್ಟು ಬರುತ್ತಿತ್ತು.

ನನ್ನ ಹೆಂಡತಿಯ ತಂದೆ ಉರಿಗಾಂನ ಲೈನ್ ಮನೆಯಲ್ಲಿ, ಅಂದರೆ ಗಣಿ ಕಾರ್ಮಿಕರ ಸಾಲುಮನೆಯಲ್ಲಿ ಇದ್ದರು. ನಮ್ಮಂತೆಯೇ ಹೊಲದ ಕುಟುಂಬದವರು, ವಯಸ್ಸಿನಲ್ಲಿ ಗಣಿಗೆ ಸೇರಿ ಮೂವತ್ತು ವರ್ಷ ಕೆಳಗಿಳಿದು ರಿಟೈರ್ ಆದವರು. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಯಾವ ಹಬ್ಬಕ್ಕೆ ಹೋದರೂ ಅದೇ ಪುರಾಣ. ಕೇಜು ಹೇಗೆ ಕಲ್ಲು ಬಿದ್ದಂತೆ ಇಳಿಯುತ್ತದೆ, ಕಿವಿ ಹೇಗೆ ಮುಚ್ಚುತ್ತದೆ, ಕೆಳಗಿನ ಶಾಖಕ್ಕೆ ಬಂಡೆ ಹೇಗೆ ಬೆವರುತ್ತದೆ. ಹೇಳಿ ಮುಗಿಸಿ ಬೀಡಿ ಹಚ್ಚಿ, "ಮೇಲಿರೋರ್ಗೆ ಅದೆಲ್ಲಿ ಗೊತ್ತಾಗ್ತೈತೆ ಬಿಡಿ ಅಳಿಯಂದ್ರೆ" ಅನ್ನುವರು. ಹೆದರಿಕೆ ಎಂದರೇನೆಂದೇ ಗೊತ್ತಿಲ್ಲದ ಒರಟ, ಇವರ ತಲೆಯೊಳಗೂ ಬಂಡೆಯೇ ಇದೆ ಎಂದು ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಪ್ರಪಂಚದಲ್ಲಿ ಯಾರಿಗೆ ನನ್ನ ಗುಟ್ಟು ತಿಳಿದರೂ ಈ ಮನುಷ್ಯನಿಗೆ ತಿಳಿಯಬಾರದು ಅಂದುಕೊಂಡಿದ್ದೆ.

ಎಂಬತ್ತರ ದಶಕದ ನಡುವಿನಲ್ಲಿ, ನಮ್ಮ ಮಗಳಿಗೆ ಹೆಸರಿಟ್ಟ ಮಾರನೆಯ ದಿನ ಅವರು ನನ್ನ ಜೊತೆ ವಾಪಸ್ ಹೊರಟರು. ಯುಗಾದಿ ಹತ್ತಿರವಿತ್ತು. ಪ್ಲಾಟ್‌ಫಾರಂ ತುಂಬ ಬುಟ್ಟಿಗಳು. ನಾನು ಅವರನ್ನು ಮೊದಲು ಹತ್ತಿಸಿ, ನಾನೂ ಹತ್ತಿ, ಹಿಂದೆಯೇ ನುಗ್ಗಿದ ಸೊಪ್ಪಿನ ಮುದುಕಿಯ ಮೂಗಿನ ಮುಂದೆ ಬಾಗಿಲೆಳೆದು ಚಿಲಕ ಹಾಕಿದೆ. ಬಾಗಿಲು ಮಂತ್ರಿಯ ಮಾವ, ಅದರಲ್ಲೂ ಗಣಿಯವರು! ಪಾಸಿನವರು ಎದ್ದು ಮರ್ಯಾದೆ ಮಾಡಿ ಅವರನ್ನು ನಟ್ಟನಡುವಿನ ಸೀಟಿನಲ್ಲಿ ಕೂರಿಸಿದರು. ಅವರ ಸುತ್ತ ಟವೆಲ್ ಹರಡಿತು, ಇಸ್ಪೀಟು ಬಿತ್ತು, ನಿಂತವರ ಹೊಟ್ಟೆಗಳು ಅವರ ಮುಖದ ಹತ್ತಿರ ಬಂದವು. ರೈಲು ಹೊರಟಿತು.

ಸ್ವಲ್ಪ ಹೊತ್ತಿಗೆ ನಾನು ಸುಮ್ಮನೆ ತಿರುಗಿ ನೋಡಿದೆ. ಮಾವ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಆಮೇಲೆ ಅದರ ಕೆಳಗಿನದನ್ನು. ನಾಲಿಗೆಯಿಂದ ತುಟಿ ಸವರಿಕೊಂಡರು. ಚಾವಣಿಯ ಫ್ಯಾನನ್ನು ನೋಡಿದರು, ಅಲ್ಲಿಂದ ಬಾಗಿಲನ್ನು, ಮತ್ತೆ ಫ್ಯಾನನ್ನು. ಯಾರೋ ಏನೋ ಕೇಳಿದರೆ ಕೇಳಿಸದವರಂತೆ ತಲೆಯಾಡಿಸಿದರು. ಆ ಒಂದೊಂದು ಚೇಷ್ಟೆಯೂ ನನಗೆ ನನ್ನ ಅಂಗೈಯಷ್ಟೇ ಪರಿಚಯದ್ದು. ನನಗೆ ನಂಬಲಾಗಲಿಲ್ಲ. ಅಷ್ಟರಲ್ಲಿ ಅವರು ಎದ್ದು, ಜನರ ಕಾಲು ತುಳಿಯುತ್ತ, ಬೈಸಿಕೊಳ್ಳುತ್ತ ನನ್ನ ಹತ್ತಿರ ಬಂದರು. ಮುಖದಲ್ಲಿ ಬೆವರು ಇಳಿಯುತ್ತಿತ್ತು.

"ರವಷ್ಟು ಜರುಗಿ ಅಳಿಯಂದ್ರೆ. ಈ ಕಿಟ್ಕಿ ಅತ್ರ ನಿಂತ್ಕೊತೀನಿ."

"ಯಾಕೆ ಮಾವ?"

ಅವರು ನನ್ನ ಕಿವಿಯ ಹತ್ತಿರ ಬಾಯಿ ತಂದರು. "ನಿಮ್ಗಿರೋದೇ ನಂಗೂ ಐತೆ. ನೀವು ಆ ಚಿಲ್ಕ ಇಡ್ಕೊಂಡಿರೋದ್ ನೋಡ್ದಾಗ್ಲೇ ಗೊತ್ತಾಯ್ತು. ಮೂವತ್ತು ವರ್ಸ ನಾನು ಎಲ್ರನ್ನೂ ಮುಂದಕ್ಕೆ ಬಿಟ್ಟು ಕೊನೇಲಿ ಕೇಜ್ ಒಳಕ್ಕೆ ಓಗ್ತಿದ್ದೆ. ಗೇಟ್ ಅತ್ರ ನಿಲ್ಲಕ್ಕೆ. ಜನ ನನ್ನ ದೊಡ್ಡ ಮನ್ಸ ಅನ್ಕೊಂಡ್ರು." ಇಷ್ಟು ಹೇಳಿ ಅವರು ನಕ್ಕರು. ನನ್ನನ್ನೂ ಸೇರಿಸಿಕೊಂಡು ನಕ್ಕ ನಗು ಅದು. ಹುಟ್ಟಿದಾಗಿನಿಂದ ಈ ಕಾಯಿಲೆಯ ಬಗ್ಗೆ ನನ್ನ ಜೊತೆ ಯಾರೂ ಹಾಗೆ ಮಾತಾಡಿರಲಿಲ್ಲ.

ನಾನು ಒಂದು ಗೇಣು ಜರುಗಿದ್ದರೆ ಸಾಕಿತ್ತು. ಆ ಕಿಟಕಿಯಲ್ಲಿ ಎರಡು ಮುಖಗಳಿಗೆ ಜಾಗವಿತ್ತು. ಆದರೆ ಪಕ್ಕದಲ್ಲಿ ನಿಂತಿದ್ದ ಬ್ಯಾಂಕಿನವನು ನಮ್ಮ ಕಡೆ ಕಿವಿ ಕೊಟ್ಟಿದ್ದ. ನಿಮ್ಗಿರೋದೇ ಎಂಬ ಮಾತು ಅವನಿಗೆ ಕೇಳಿಸಿತೋ ಏನೋ. ನನ್ನ ಕೈ ಚಿಲಕವನ್ನು ಇನ್ನೂ ಗಟ್ಟಿಯಾಗಿ ಹಿಡಿಯಿತು. ಇಡೀ ಬೋಗಿಗೆ ಕೇಳಿಸುವಂತೆ ಅಂದೆ:

"ಏನ್ ಮಾವ ಇದು! ಮೂವತ್ತು ವರ್ಷ ಪಾತಾಳಕ್ಕೆ ಇಳಿದೋರಿಗೆ ಈ ಡಬ್ಬಿ ಕಂಡ್ರೆ ಭಯಾನಾ?"

ಎಲ್ಲರೂ ನಕ್ಕರು. ಬ್ಯಾಂಕಿನವನು ಎಲ್ಲರಿಗಿಂತ ಜೋರಾಗಿ ನಕ್ಕ. "ಯಜಮಾನ್ರು ಇಷ್ಟು ದಿನ ನಮಗೆ ಬುರುಡೆ ಬಿಟ್ಟಿದ್ದು ಹಾಗಾದ್ರೆ!" ಎಂದ ಇಸ್ಪೀಟಿನವನೊಬ್ಬ. ಅವನು ಅವರನ್ನು ನೋಡಿದ್ದು ಅವತ್ತೇ ಮೊದಲು.

ಮಾವ ನನ್ನ ಮುಖ ನೋಡಿದರು. ಸಿಟ್ಟಾಗಲಿಲ್ಲ. "ಬಯ ಏನ್ ಬಂತು, ಬೀಡಿ ಸೇದನ ಅಂತ ಬಂದೆ" ಅಂದು ತಾವೂ ನಕ್ಕರು. ಬೀಡಿ ತೆಗೆಯಲಿಲ್ಲ. ಮೇಲಿನ ಸರಳು ಹಿಡಿದು ಜನರ ನಡುವೆ ಕಣ್ಣು ಮುಚ್ಚಿ ನಿಂತರು. ಕೋರಮಂಡಲ್ ಸ್ಟೇಷನ್ ಬಂದಾಗ, "ಇಲ್ಲೊಬ್ಬ ಅಳೇ ಸ್ನೇಯಿತ ಅವ್ನೆ, ಮಾತಾಡ್ಸ್ಕೊಂಡು ಓಗ್ತೀನಿ" ಅಂದರು. ನಾನು ಚಿಲಕ ತೆಗೆದೆ. ಅವರು ಇಳಿದರು. ಯಾರೂ ಹತ್ತದಂತೆ ತಕ್ಷಣ ಮತ್ತೆ ಹಾಕಿದೆ. ರೈಲು ಹೊರಟಾಗ ಅವರು ಯಾರ ಮನೆಯ ಕಡೆಗೂ ಹೋಗದೆ, ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಹಳಿಯ ಪಕ್ಕದ ಜಲ್ಲಿಯ ಮೇಲೆ ಉರಿಗಾಂ ಕಡೆಗೆ ನಡೆಯುತ್ತಿದ್ದರು. ನಾನು ಇದ್ದ ಬಾಗಿಲು ಅವರ ಪಕ್ಕದಲ್ಲೇ ಹಾದುಹೋಯಿತು. ಅವರು ತಲೆ ಎತ್ತಲಿಲ್ಲ.

ಇಷ್ಟು ಹೊತ್ತು ನಾನು ಯಾರ್ಯಾರನ್ನೋ ಹಳಿದಿದ್ದೇನೆ. ಮಫ್ಲರಿನವರನ್ನು, ಇಸ್ಪೀಟಿನವರನ್ನು, ನಮ್ಮ ಅತ್ತೆಯನ್ನು. ಹಳಿದದ್ದಕ್ಕೆ ಬೇಜಾರಿಲ್ಲ, ಅವರು ಅದಕ್ಕೆ ಯೋಗ್ಯರೇ. ಆದರೆ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮಾವನ ಎದೆಯಲ್ಲಿ ಆಗ ಏನಾಗುತ್ತಿತ್ತು ಎಂಬುದು ಆ ಬೋಗಿಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನನ್ನಷ್ಟು ನೀಚ ಅಲ್ಲಿ ಇನ್ನೊಬ್ಬನಿರಲಿಲ್ಲ.

ಉರಿಗಾಂನಲ್ಲಿ ಇಳಿಯುವಾಗ ಯಾರೋ ಕರೆದು ಮಾವನ ಕೈಚೀಲ ಕೊಟ್ಟರು. ಸೀಟಿನ ಕೆಳಗೇ ಬಿಟ್ಟು ಹೋಗಿದ್ದರು. ಅಮ್ಮ ಕಟ್ಟಿಕೊಟ್ಟ ಚಕ್ಕುಲಿ, ಒಂದು ಬಾಟಲಿ ತುಪ್ಪ. ಆಫೀಸಿನಲ್ಲಿ ಅದನ್ನು ದಿನವೆಲ್ಲ ಮೇಜಿನ ಕೆಳಗಿಟ್ಟುಕೊಂಡು ಟೈಪ್ ಮಾಡಿದೆ. ಬೇರೆ ಯಾರ ಕೈಯಲ್ಲಾದರೂ ಕಳಿಸಬಹುದೇ ಎಂದು ಯೋಚಿಸಿದೆ. ಯಾರೂ ಸಿಗಲಿಲ್ಲ.

ಸಂಜೆ ಲೈನ್ ಮನೆಗೆ ಹೋದೆ. ಮಾವ ಹೊರಗೆ ಬೀದಿಯಲ್ಲಿ, ಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಪಕ್ಕದ ಮನೆಯವನು ತಮಿಳಿನಲ್ಲಿ, ಏನು ಇವತ್ತು ನಡೆದುಕೊಂಡು ಬಂದೆಯಂತೆ ಎಂದು ಕೇಳುತ್ತಿದ್ದ. "ಕೋರಮಂಡಲ್‌ಲ ಒರು ಫ್ರೆಂಡು" ಅಂದರು ಮಾವ, ನನ್ನ ಕಡೆ ನೋಡದೆ. ಆಮೇಲೆ ಎದ್ದು ಒಳಗೆ ಹೋಗಿ ಒಂದು ಕುರ್ಚಿ ತಂದರು. ತಮ್ಮ ಪಕ್ಕ ಗೋಡೆಯ ಕಡೆ ಹಾಕಿದವರು, ಒಂದು ಕ್ಷಣ ನಿಂತು, ಅದನ್ನು ಎತ್ತಿ ಬೀದಿಯ ತೆರೆದ ಕಡೆಗೆ ಇಟ್ಟರು.

"ಕೂತ್ಕೊಳಿ ಅಳಿಯಂದ್ರೆ. ಇಲ್ಲಿ ಗಾಳಿ ಬತ್ತೈತೆ."

ನಾನು ಚೀಲವನ್ನು ಆ ಕುರ್ಚಿಯ ಮೇಲಿಟ್ಟೆ. ರೈಲಿಗೆ ಹೊತ್ತಾಯಿತು ಮಾವ ಅಂದೆ. ರೈಲಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅದು ಅವರಿಗೂ ಗೊತ್ತಿತ್ತು.