ಕರಿ ಹಪ್ಪಳ

ಆ ಹಾಡುಗಾರ್ತಿಯ ಹೆಸರು ಈಗ ಎಲ್ಲರಿಗೂ ಗೊತ್ತು. ಜಾಝ್ ಕೇಳುವವರು ಅವಳು ಕೊನೆಗಾಲದಲ್ಲಿ ಒಡೆದ ದನಿಯಲ್ಲಿ ಹಾಡಿದ್ದನ್ನು ಹೊಗಳುತ್ತಾರೆ. ನಾನು ಮೊದಲು ಕೇಳಿದ್ದು ಅವಳು ಇನ್ನೂ ಹುಡುಗಿಯಾಗಿದ್ದಾಗಿನ ರೆಕಾರ್ಡುಗಳನ್ನು. ಲೇಬಲ್ಲಿನ ಮೇಲೆ ಬ್ಯಾಂಡಿನ ಯಜಮಾನನ ಹೆಸರಿತ್ತು, ಅವಳದ್ದಿರಲಿಲ್ಲ. ಅರ್ಧ ಹಾಡು ಬರೀ ವಾದ್ಯ. ಆಮೇಲೆ ಅವಳು ಬಂದು ಒಂದೇ ಚರಣ ಹಾಡಿ ಹೊರಟುಹೋಗುತ್ತಿದ್ದಳು.

ಅವಳು ಬರುವ ಆ ಜಾಗದಲ್ಲಿ ನನಗೆ ಪ್ರತಿಸಲ ಹೆದರಿಕೆಯಾಗುತ್ತಿತ್ತು. ಭಜನೆಯಲ್ಲಿ ತಾಳ ತಪ್ಪಿದರೆ ತಲೆಗೆ ಮೊಟಕು ತಿಂದು ಬೆಳೆದವನು ನಾನು. ಎತ್ತಿಕೊಳ್ಳಬೇಕಾದ ಜಾಗ ದಾಟಿಹೋದರೂ ಅವಳ ಸುಳಿವಿಲ್ಲ. ಮುಗಿಯಿತು, ತಪ್ಪಿದಳು ಅನ್ನುವಷ್ಟರಲ್ಲಿ, ಬಸ್ಸು ಹೊರಟ ಮೇಲೆ ಓಡದೆ ನಡೆದೇ ಬಂದು ಹತ್ತಿದವಳ ಹಾಗೆ ಬಂದು ಕೂತಿರುತ್ತಿದ್ದಳು.

ರೆಕಾರ್ಡು ಕೊಟ್ಟವರು ಕಾರ್ಖಾನೆಯ ನಮ್ಮ ಸೂಪರ್‌ವೈಸರ್, ಆಂಗ್ಲೋ ಇಂಡಿಯನ್. ತೀರಿಕೊಂಡ ಅವರ ಹೆಂಡತಿ ಕೂಡಿಸಿಟ್ಟಿದ್ದ ರೆಕಾರ್ಡುಗಳು ಅವು. ಅವರು ಮಗಳ ಜೊತೆ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದರು. "ಹೋಗೋವರೆಗೂ ಕೇಳು ಮ್ಯಾನ್. ಆದ್ರೆ ಬಿಸಿಲಿಗೆ ಇಡಬೇಡ. ಇದು ಅರಗು, ಕರಗ್ತದೆ" ಎಂದು ಹೇಳಿಯೇ ಕೊಟ್ಟಿದ್ದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೋಗುವ ಮೊದಲು ಅವರು ನನ್ನ ಪರವಾಗಿ ಮೇಲಿನವರಿಗೆ ಒಂದು ಮಾತು ಬರೆಯಬೇಕಿತ್ತು.

ಆಗ ನಾವು ರಾಜಾಜಿನಗರದಲ್ಲಿ ಹೆಂಚಿನ ಮನೆಯೊಂದರಲ್ಲಿ ಬಾಡಿಗೆಗಿದ್ದೆವು. ಸುತ್ತ ಖಾಲಿ ಸೈಟು, ಜಾಲಿಗಿಡ. ಗ್ರಾಮಫೋನು ಹೆಂಡತಿಯ ತವರಿನದು. ಬೇಸಿಗೆಯ ಮಳೆಯೊಂದಕ್ಕೆ ಹೆಂಚು ಸೋರಿ ರೆಕಾರ್ಡುಗಳ ಕಾಗದದ ಚೀಲ ನೆಂದವು. ನನಗೆ ಗೊತ್ತಾಗುವ ಹೊತ್ತಿಗೆ ಬೂಷ್ಟು ಹಿಡಿದಿತ್ತು. ಅವರು ಭಾನುವಾರ ಸಂಜೆ ವಾಪಸ್ಸು ಒಯ್ಯಲು ಬರುವವರಿದ್ದರು.

ಭಾನುವಾರ ಬೆಳಿಗ್ಗೆ ಹೆಂಡತಿ ಅಂಗಳದ ಮಂಚದ ಮೇಲೆ ಪಂಚೆ ಹಾಸಿ ಹಪ್ಪಳ ಒಣಹಾಕಿದಳು. "ಕಾಗೆ ನೋಡ್ಕೋತಾ ಇರಿ" ಎಂದು ಬಿಂದಿಗೆ ಹಿಡಿದು ಬೀದಿ ನಲ್ಲಿಗೆ ಹೋದಳು. ನಾನು ರೆಕಾರ್ಡುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಒಂದು ಗಳಿಗೆ ಆರಿದರೆ ಸಾಕು ಎಂದುಕೊಂಡು ಅವನ್ನು ಹಪ್ಪಳದ ಸಾಲಿನಲ್ಲೇ ಇಟ್ಟು, ಜಗಲಿಯ ನೆರಳಿನಲ್ಲಿ ಕೂತೆ. ಕೂತಲ್ಲೇ ನಿದ್ದೆ ಹತ್ತಿತು.

ಎಬ್ಬಿಸಿದ್ದು ಪಕ್ಕದ ಮನೆಯಾಕೆಯ ನಗು. "ಏನ್ರೀ ಇದು, ನಿಮ್ಮನೇಲಿ ಕರಿ ಹಪ್ಪಳಾನೂ ಮಾಡ್ತೀರಾ?"

ಓಡಿಹೋಗಿ ನೋಡಿದೆ. ಅಂಚು ಮೇಲೆದ್ದು, ನಡು ಕುಸಿದು, ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೇ ಸೊಟ್ಟಗಾಗಿದ್ದವು. ಒಂದನ್ನು ಒರಳುಕಲ್ಲಿನ ಗುಂಡಿನ ಕೆಳಗಿಟ್ಟು ಒತ್ತಿದೆ. ಪಟ್ಟೆಂದು ಎರಡು ಹೋಳಾಯಿತು. ಬಿಂದಿಗೆ ಹೊತ್ತು ಬಂದ ಹೆಂಡತಿ ನೋಡಿ ಗರಬಡಿದು ನಿಂತಳು. ಮಧ್ಯಾಹ್ನವೆಲ್ಲ ನಾನು ಅನ್ನ ಮುಟ್ಟಲಿಲ್ಲ. ಬೀದಿಯಲ್ಲಿ ಯಾವ ಸೈಕಲ್ಲಿನ ಬೆಲ್ಲು ಕೇಳಿದರೂ ಎದ್ದು ಬಾಗಿಲಿಗೆ ಹೋಗಿ ನೋಡುತ್ತಿದ್ದೆ. ಕೆಲಸ ಹೋಗುತ್ತದೆಂಬ ಭಯ ಒಂದು. ಅದಕ್ಕಿಂತ ದೊಡ್ಡದು, ಹೇಳಿದ್ದೆನಲ್ಲ ಮ್ಯಾನ್ ಎಂದು ಅವರು ನೋಡುವ ನೋಟದ ಭಯ.

ಅವರು ಬಂದರು. ಒಂದೊಂದನ್ನೂ ಅಂಚು ಹಿಡಿದು ಎತ್ತಿ ನೋಡಿದರು. "ಹೂ ಡಿಡ್ ದಿಸ್, ಮ್ಯಾನ್?"

"ಹೆಂಡ್ತಿ ಸಾರ್. ಗೊತ್ತಾಗ್ದೆ ಹಪ್ಪಳದ ಜೊತೆ ಇಟ್ಬಿಟ್ಳು."

ಅವಳು ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಪರವಾಗಿಲ್ಲಮ್ಮ, ನಿಮಗೆ ಹೇಳಿದವರು ಯಾರು" ಎಂದರು ಅವರು. ಆಮೇಲೆ, ಒಂದನ್ನು ಹಾಕು ಎಂದರು. ಕೀ ಕೊಟ್ಟೆ. ಮುಳ್ಳು ದೋಣಿಯ ಹಾಗೆ ಏಳುತ್ತ ಬೀಳುತ್ತ ಓಡಿತು. ಕಹಳೆಗಳು ನರಳಿದವು. ಹಾಡುಗಾರ್ತಿ ಬರಬೇಕಾದ ಜಾಗ ಬಂತು, ದಾಟಿತು. ಎಂದಿಗಿಂತ ಎಷ್ಟೋ ತಡವಾಗಿ, ನೀರಿನೊಳಗಿಂದ ಕೂಗಿದ ಹಾಗೆ ಬಂದಳು. ಅವರು ಕಣ್ಣು ಮುಚ್ಚಿ ಚರಣ ಮುಗಿಯುವವರೆಗೆ ಕೇಳಿ, ಹ್ಯಾಟು ತೊಟ್ಟು ಹೊರಟರು. ರೆಕಾರ್ಡು ಒಯ್ಯಲಿಲ್ಲ. ನನ್ನ ಕೆಲಸ ಕಾಯಂ ಆಯಿತು.

ಆ ಕಥೆ ನಮ್ಮ ಬಂಧುಬಳಗದಲ್ಲಿ ನಗೆಯ ಮಾತಾಗಿ ಉಳಿಯಿತು. ಮದುವೆ ಮನೆಯ ಪಂಕ್ತಿಯಲ್ಲಿ ಹಪ್ಪಳ ಬಂದರೆ ಸಾಕು, "ಕರಿ ಹಪ್ಪಳದಮ್ಮ ಎಲ್ಲಿ?" ಎಂದು ಯಾರಾದರೂ ಕೂಗುವರು. ನಾನೂ ನಗುತ್ತಿದ್ದೆ. ಅವಳು ಮತ್ತೆ ಹಪ್ಪಳ ಒತ್ತಲಿಲ್ಲ. ಕೇಳಿದವರಿಗೆ "ನನ್ನ ಕೈಗೆ ಬಿಸಿಲು ಆಗಿಬರಲ್ಲ" ಎನ್ನುತ್ತಿದ್ದಳು, ನನ್ನ ಕಡೆ ನೋಡದೆ.

ಈಗ ಆ ಹಳೆಯ ಹಾಡುಗಳು ಗೀರಿಲ್ಲದೆ ಸಿ.ಡಿ.ಯಲ್ಲಿ ಬಂದಿವೆ. ಹೆಚ್ಚು ಜನ ಕೇಳುವುದಿಲ್ಲ. ನಾನು ಕೇಳುತ್ತೇನೆ. ಆ ಖಾಲಿ ಜಾಗದಲ್ಲಿ ಈಗಲೂ ಕೈ ತಣ್ಣಗಾಗುತ್ತದೆ. ಹುಡುಗಿ ತಪ್ಪಿಯಾಳೆಂದಲ್ಲ. ಒಳಗೆ ಕಾಳು ಆರಿಸುತ್ತ ಕೂತ ಹೆಂಡತಿಯ ಕೈ ಅಲ್ಲಿ ನಿಲ್ಲುತ್ತದೆ, ಮೊರದ ಸದ್ದು ನಿಲ್ಲುತ್ತದೆ.

ಬಿಸಿಲಿಗೆ ಇಟ್ಟವನು ನಾನು. ನಗುವ ನೆಂಟರೆಲ್ಲ ಓದಲಿ ಎಂದೇ ಇದನ್ನು ಬರೆದೆ. ಪತ್ರಿಕೆಗೆ ಕಳಿಸುವ ಮುಂಚೆ ಹೆಂಡತಿಗೆ ಓದಿ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

"ಅವತ್ತಿನ ಹಪ್ಪಳಕ್ಕೆ ಉಪ್ಪು ಸರಿಯಾಗಿ ಬಿದ್ದಿತ್ತು. ಅದನ್ನೂ ಬರೀರಿ."

ಸರಿಯಾಗಿ ಬಿದ್ದಿತ್ತು.