ಬಾಗ್ಲು ಎಂದು ಕೂಗಿದವಳಿಗೆ

ನೀನು ಕೂಗಿದ್ದು ನನಗೆ ಕೇಳಿಸಿತ್ತು, ಶೋಭಾ. ನೀನು ಕೂಗಲೇ ಇಲ್ಲವೆಂದು ಅಂದು ನಾನು ಹೇಳಿದ್ದು ಸುಳ್ಳು. ಆ ಸುಳ್ಳಿನ ಮೇಲೆಯೇ ಇಷ್ಟು ವರ್ಷ ದೊಡ್ಡ ಆಟಗಾರ್ತಿ ಎನಿಸಿಕೊಂಡು ಮೆರೆದೆ.

ಲಕ್ಷ್ಮೀಪುರಂನ ನಮ್ಮ ಬ್ಯಾಸ್ಕೆಟ್‌ಬಾಲ್ ಅಂಗಳದ ಕಾಂಪೌಂಡಿನ ಮೇಲೆ ಸಂಜೆ ಹೊತ್ತು ಕೂರುತ್ತಿದ್ದವರು ನಿನಗೆ ನೆನಪಿರಬೇಕು. ವೀಣಾ ಒಬ್ಬಳಿದ್ದರೆ ಸಾಕು, ಕಪ್ ನಮ್ಮದೇ ಎನ್ನುತ್ತಿದ್ದರು. ನಮಗೆ ಆಟ ಕಲಿಸುತ್ತಿದ್ದ ಸರ್ ಮಾತ್ರ ಒಪ್ಪುತ್ತಿರಲಿಲ್ಲ. ಬೆಂಚಿನ ಕೊನೆಯಲ್ಲಿ ಕೂತವಳಿಗೂ ಬುಟ್ಟಿಗೆ ಚೆಂಡು ಹಾಕಲು ಬರುವ ತಂಡವೇ ಗೆಲ್ಲುವುದು ಎನ್ನುತ್ತಿದ್ದರು. ನನಗದು ಹಿಡಿಸುತ್ತಿರಲಿಲ್ಲ. ನೀವೆಲ್ಲ ಇರುವುದೇ ನನಗೆ ಚೆಂಡು ಒದಗಿಸಲಿಕ್ಕೆ ಎಂದುಕೊಂಡಿದ್ದೆ — ಹೌದು, ಹಾಗೆಯೇ ಅಂದುಕೊಂಡಿದ್ದೆ.

'ಬಾಗ್ಲು' ಎನ್ನುವುದು ಸರ್ ಕಲಿಸಿದ ಗುಟ್ಟಿನ ಮಾತು. ಬುಟ್ಟಿಯ ಕೆಳಗೆ ಯಾರೂ ಅಡ್ಡವಿಲ್ಲದೆ ನಿಂತವಳು ಹಾಗೆಂದು ಕೂಗಬೇಕು, ಕೇಳಿಸಿದವಳು ಮರುಮಾತಿಲ್ಲದೆ ಚೆಂಡು ಕೊಡಬೇಕು. ನಮ್ಮೆದುರು ಆಡಲು ಬರುವ ಹೊರ ರಾಜ್ಯದ ಹುಡುಗಿಯರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಕೂಗದವಳಿಗೂ ಕೇಳಿಸಿಯೂ ಕೊಡದವಳಿಗೂ ತಂಡದಲ್ಲಿ ಜಾಗವಿಲ್ಲ ಎಂಬುದು ಸರ್ ಮಾಡಿದ ಕಟ್ಟಳೆ.

ಫೈನಲ್‌ನ ಕೊನೆಯ ಗಳಿಗೆ. ನಾವು ಒಂದು ಅಂಕ ಹಿಂದಿದ್ದೆವು. ಎದುರಾಳಿಗಳಿಬ್ಬರು ನನ್ನ ಮೈಮೇಲೆಯೇ ಬೀಳುತ್ತಿದ್ದರು, ಬುಟ್ಟಿಯ ಕೆಳಗೆ ನೀನೊಬ್ಬಳೇ.

"ಬಾಗ್ಲು, ವೀಣಕ್ಕಾ!"

ಕೊಟ್ಟಿದ್ದರೆ — ಕೊಟ್ಟಿದ್ದರೆ ಗೆಲ್ಲುತ್ತಿದ್ದೆವು. ಆದರೆ ನಾಳೆ ಎಲ್ಲರ ಬಾಯಲ್ಲೂ ನಿನ್ನ ಹೆಸರಿರುತ್ತದಲ್ಲ ಎಂದು ಹೊಟ್ಟೆಯೊಳಗೆ ಏನೋ ಉರಿಯಿತು. ಅಷ್ಟು ಚೂರು ಹೊತ್ತಿನಲ್ಲೂ ಈ ಹಾಳು ಮನಸ್ಸಿಗೆ ಲೆಕ್ಕ ಹಾಕಲು ಪುರಸೊತ್ತಿತ್ತು. ನಾನೇ ಎಸೆದೆ. ಚೆಂಡು ರಿಂಗಿಗೆ ಬಡಿದು ಆಚೆ ಹೋಯಿತು.

ಶೋಭಾಗೆ ಯಾಕೆ ಕೊಡಲಿಲ್ಲ ಎಂದು ಸರ್ ಕೇಳಿದರು. ನೀನು ಪಕ್ಕದಲ್ಲೇ ಇದ್ದೆ, ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ.

"ಅವ್ಳು ಕೂಗ್ಲೇ ಇಲ್ಲ ಸರ್" ಎಂದೆ.

ಆ ಗಲಾಟೆಯಲ್ಲಿ ಬೇರೆ ಯಾರಿಗೂ ಕೇಳಿಸಿರಲಿಲ್ಲ. ನೀನು ಬಾಯಿ ತೆರೆದೆ, ನನ್ನನ್ನು ನೋಡಿದೆ, ತಲೆ ತಗ್ಗಿಸಿದೆ.

ರಾಜ್ಯದ ತಂಡಕ್ಕೆ ಕಳುಹಿಸಬೇಕಿದ್ದವರ ಪಟ್ಟಿಯಿಂದ ನಿನ್ನನ್ನು ಸರ್ ಕೈಬಿಟ್ಟರು. ಅಲ್ಲಿಗೆ ಆಯ್ಕೆಯಾದರೆ ಮಾತ್ರ ಮುಂದೆ ಆಟ ಎಂದು ನಿಮ್ಮ ಮನೆಯಲ್ಲಿ ಹೇಳಿದ್ದರೆಂಬುದು ನನಗೆ ಗೊತ್ತಿತ್ತು — ನೀನೇ ಹೇಳಿದ್ದೆ, ನನ್ನ ಸೈಕಲ್ ತಳ್ಳಿಕೊಂಡು ಬರುತ್ತ. ನೀನು ಅಂಗಳಕ್ಕೆ ಬರುವುದು ನಿಂತಿತು. ನಿಮ್ಮ ಒಂಟಿಕೊಪ್ಪಲ್ ಏನು ದೂರವೇ? ಒಂದು ದಿನವೂ ನಿಮ್ಮ ಮನೆಯ ಕಡೆ ಬರಲಿಲ್ಲ ನಾನು. ಸೋತಮೇಲೆ ನನ್ನ ಹೆಸರು ಇನ್ನೂ ಬೆಳೆಯಿತು ನೋಡು! ಪಾಪ, ಒಬ್ಬಳೇ ಎಷ್ಟು ಅಂತ ಆಡುತ್ತಾಳೆ ಎಂದರು ಕಾಂಪೌಂಡಿನ ಮೇಲಿನವರು. ಆ ಕನಿಕರವನ್ನೂ ಬೇಡವೆನ್ನದೆ ತೆಗೆದುಕೊಂಡೆ.

ಈಗ ಅದೇ ಅಂಗಳದಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ಮೊನ್ನೆ ಅವರಲ್ಲಿ ಜಗಳ — ಕಪ್ ಗೆಲ್ಲಿಸುವುದು ಒಬ್ಬ ಸ್ಟಾರೋ ಇಡೀ ತಂಡವೋ ಎಂದು. ಮೇಡಂ ಸೋತದ್ದು ಅವರ ಟೀಮ್ ಸರಿಯಿಲ್ಲದೆ ಎಂದು ಒಬ್ಬಳು ನನ್ನೆದುರೇ ತೀರ್ಪು ಕೊಟ್ಟಳು. ಸೀಟಿ ಊದಿ ಆಟಕ್ಕೆ ಕಳುಹಿಸಿದೆ.

ಆಗ ಬುಟ್ಟಿಯ ಕೆಳಗಿನಿಂದ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಗಂಟಲು ಹರಿಯುವಂತೆ ಕೂಗಿದಳು: "ಬಾಗ್ಲು!" ಯಾರಿಗೂ ಅರ್ಥವಾಗಲಿಲ್ಲ. ಹತ್ತಿರ ಕರೆದು, ಅಷ್ಟು ಜೋರಾಗಿ ಯಾಕೆ ಕೂಗುತ್ತೀಯೆಂದು ಕೇಳಿದೆ.

"ನಮ್ಮಮ್ಮ ಹೇಳ್ಕೊಟ್ಟಿದ್ದು ಮೇಡಂ. ಅಮ್ಮ ಒಂದ್ಸಲ ಮೆತ್ತಗೆ ಕೂಗ್ಬುಟ್ರಂತೆ. ಪಾಪ, ಅವ್ರ ಅಕ್ಕಂಗೆ ಕೇಳಿಸ್ದೆ ಮ್ಯಾಚೇ ಹೋಯ್ತಂತೆ."

ನೀನು ನನ್ನನ್ನು ದ್ವೇಷಿಸುತ್ತಿರಬೇಕು ಎಂದುಕೊಂಡಿದ್ದೆ, ಶೋಭಾ. ಹಾಗೆಂದುಕೊಂಡೇ ಹೇಗೋ ಬದುಕಿದೆ. ನೀನು ನನ್ನನ್ನು ನಂಬಿದ್ದೆ ಎಂದು — ಸೋಲನ್ನು ನಿನ್ನ ಗಂಟಲಿಗೆ ಹೊರಿಸಿಕೊಂಡಿದ್ದೆ ಎಂದು — ಇದನ್ನು ಹೇಗೆ ತಡೆದುಕೊಳ್ಳಲಿ?

ನಾಳೆ ಸಂಜೆ ಮಗಳನ್ನು ಕರೆದೊಯ್ಯಲು ನೀನು ಬರುತ್ತೀಯಂತೆ. ಮಕ್ಕಳೆಲ್ಲ ಇರುವಾಗಲೇ ಹೇಳುತ್ತೇನೆ. ಕ್ಷಮಿಸು ಎಂದು ಕೇಳಲಾರೆ. ಮೊದಲು ನಿನ್ನ ಮಗಳಿಗೆ ಹೇಳಬೇಕು — ನಿಮ್ಮಮ್ಮ ಮೆತ್ತಗೆ ಕೂಗಲಿಲ್ಲ ಕಣಮ್ಮ, ಜೋರಾಗಿಯೇ ಕೂಗಿದ್ದಳು.