ಹಿತ್ತಲ ಚಿಪ್ಪು, ಬೀದಿಯ ಚರಂಡಿ

ಈಗ ನೀವು ಸೈಕಲ್ ಹೊಡೆಯುವ ನಮ್ಮ ಬೀದಿಯ ಪಕ್ಕದಲ್ಲಿ ಚಪ್ಪಡಿ ಮುಚ್ಚಿದ ಚರಂಡಿ ಇದೆಯಲ್ಲ, ಅದು ಆಗ ಬರೀ ಮಣ್ಣಿನ ಕಾಲುವೆ. ಎಲ್ಲರ ಮನೆಯ ಬಚ್ಚಲ ನೀರೂ ಅದರಲ್ಲೇ ಹರಿಯುತ್ತಿತ್ತು. ಹರಿಯುತ್ತಿತ್ತು ಎನ್ನುವುದು ಮರ್ಯಾದೆಯ ಮಾತು. ಬೇಸಿಗೆಯಲ್ಲಿ ನಿಂತಲ್ಲೇ ನಿಲ್ಲುತ್ತಿತ್ತು, ಮಳೆ ಬಂದರೆ ಗೇಟು ದಾಟಿ ಒಳಗೆ ಬರುತ್ತಿತ್ತು. ಬಡಾವಣೆಯವರು ಸಂಘ ಕಟ್ಟಿಕೊಂಡದ್ದೇ ಆ ಚರಂಡಿಯ ದೆಸೆಯಿಂದ.

ಸಂಘದ ಅಧ್ಯಕ್ಷರು ಬಸ್ ಡಿಪೊದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಊರಿನಲ್ಲಿ ತೋಟವೂ ಇತ್ತು. ಅರ್ಜಿ ಹಿಡಿದುಕೊಂಡು ನಗರಸಭೆಯ ಮೆಟ್ಟಿಲನ್ನು ಅವರಷ್ಟು ಹತ್ತಿ ಇಳಿದವರು ನಮ್ಮ ಬಡಾವಣೆಯಲ್ಲಿ ಇನ್ನೊಬ್ಬರಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ ನೀವು ಅವರನ್ನು ಕೆಟ್ಟವರೆಂದು ತಿಳಿಯಬಾರದು.

ಸಂಘದಲ್ಲಿ ಹೆಂಗಸರೂ ಇರಲಿ ಎಂದು ನಗರಸಭೆಯವರು ಹೇಳಿದರಂತೆ. ಅಧ್ಯಕ್ಷರು ನಮ್ಮ ಮನೆಗೆ ಬಂದರು. ನಾನು ದಂಡಿನಶಿವರದ ಪಕ್ಕದ ಹಳ್ಳಿಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಮೇಷ್ಟ್ರು ಹಾಜರಿ ಕೂಗಿದರೆ ನನ್ನ ಪರವಾಗಿ ಪಕ್ಕದಲ್ಲಿ ಕೂತವಳೇ ಓಗೊಡುತ್ತಿದ್ದಳು. ನಿಮ್ಮ ತಾತ ಇದ್ದಷ್ಟು ಕಾಲ ಹೊರಗಿನ ಮಾತೆಲ್ಲ ಅವರದು, ಅವರು ಹೋದ ಮೇಲೆ ನಿಮ್ಮ ಅಪ್ಪನದು. ಹಾಗಾಗಿ ಅಧ್ಯಕ್ಷರು ಕೇಳಿದಾಗ ನಾನು ಬಾಗಿಲ ಹಿಂದೆಯೇ ನಿಂತೆ.

“ನೀವೇನೂ ಮಾತಾಡ್‌ಬೇಕಾಗಿಲ್ಲ ಕಣಮ್ಮ. ಬಂದು ಕೂತ್ಕಂಡ್ರೆ ಸಾಕು” ಎಂದರು ಅಧ್ಯಕ್ಷರು.

“ಆ ಕೆಲ್ಸಕ್ಕೆ ನಮ್ಮಮ್ಮನಿಗಿಂತ ಚೆನ್ನಾಗಿರೋರು ಸಿಕ್ಕಲ್ಲ ಬುಡಿ ಸಾರ್” ಎಂದ ನಿಮ್ಮ ಅಪ್ಪ.

ಇಬ್ಬರೂ ನಕ್ಕರು. ಬಾಗಿಲ ಹಿಂದೆ ನನಗೂ ನಗು ಬಂತು. ಹೀಗೆ ನಾನು ಸದಸ್ಯಳಾದೆ. ಸಭೆಗೆ ಹೋಗುವುದು, ಮೂಲೆಯ ಕುರ್ಚಿಯಲ್ಲಿ ಕೂರುವುದು, ಕಾಫಿ ಕುಡಿದು ಬರುವುದು.

ಆ ವರ್ಷ ಮಳೆ ಬಿಟ್ಟು ಬಿಟ್ಟು ಬಂತು. ಒಂದು ದಿನ ಮಳೆ, ನಾಲ್ಕು ದಿನ ಬಿಸಿಲು. ನಮ್ಮ ಬೀದಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಡೆಂಗಿ ಜ್ವರ ಬಂದು ಮಲಗಿದರು. ಹಾಲಿನ ಮನೆಯವರ ಮಗ ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ಬಂದ. ಬಂದಾಗ ಅವನ ಮುಖದಲ್ಲಿ ಕಣ್ಣೆರಡೇ ಉಳಿದಿದ್ದವು.

ಅದೇ ಹೊತ್ತಿಗೆ ಪಕ್ಕದ ಮನೆಯ ಹುಡುಗಿ ಚೊಚ್ಚಲ ಹೆರಿಗೆಗೆಂದು ಅಮ್ಮಸಂದ್ರದ ಗಂಡನ ಮನೆಯಿಂದ ಬಂದಳು. ಅವಳು ಲಂಗ ತೊಡುತ್ತಿದ್ದ ಕಾಲದಿಂದ ನನ್ನನ್ನು ದೊಡ್ಡಮ್ಮ ಎನ್ನುತ್ತಿದ್ದವಳು. ಅವಳ ತಾಯಿಗೂ ನನಗೂ ನಡುವೆ ಒಂದು ಮೋಟುಗೋಡೆ. ನಾನು ಈ ಬೀದಿಯಲ್ಲಿ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಆ ಗೋಡೆಯ ಹತ್ತಿರ ಮಾತ್ರ. ಗರ್ಭಿಣಿಗೆ ಆ ಜ್ವರ ಬಂದರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹುಡುಗಿ ಹಗಲಲ್ಲೂ ಸೊಳ್ಳೆ ಪರದೆಯೊಳಗೇ ಮಲಗುತ್ತಿದ್ದಳು.

“ಜೈಲಿಗೆ ಹಾಕವ್ರೆ ದೊಡ್ಡಮ್ಮ. ಊಟನೂ ಪರದೆ ಎತ್ತಿ ಒಳಕ್ ತಳ್ತಾಳೆ ನಮ್ಮಮ್ಮ” ಎನ್ನುತ್ತಿದ್ದಳು.

“ತಳ್ದೆ ಇನ್ನೇನೇ? ಸೊಳ್ಳೆ ನಿನ್ ಜೊತೆ ಪಂಕ್ತೀಲಿ ಕೂತ್ಕಂಡು ಉಣ್ಲಾ?” ಎಂದು ತಾಯಿ ಗದರುತ್ತಿದ್ದಳು. ಗದರಿದ ಮೇಲೆ ಗೋಡೆಯ ಹತ್ತಿರ ಬಂದು ನನ್ನ ಮುಂದೆ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಜ್ವರದ ಸುದ್ದಿ ತಿಳಿದು ಅಧ್ಯಕ್ಷರು ನಗರಸಭೆಗೆ ಮತ್ತೆ ಅರ್ಜಿ ಕೊಟ್ಟರು. ಚರಂಡಿಯಿಂದ ಸೊಳ್ಳೆ, ಸೊಳ್ಳೆಯಿಂದ ಡೆಂಗಿ, ಆದ್ದರಿಂದ ಕೂಡಲೇ ಚರಂಡಿ ಕಟ್ಟಿಸಿಕೊಡಬೇಕು ಎಂದು ಬರೆದಿದ್ದರು. ಅರ್ಜಿ ನೋಡಿ ನಗರಸಭೆಯಿಂದ ಆರೋಗ್ಯದ ಮೇಡಂ ಒಬ್ಬರು ಬಂದರು. ಸಂಘದವರೆಲ್ಲ ಅವರ ಹಿಂದೆ. ನಾನು ಎಲ್ಲರ ಹಿಂದೆ.

ಮೇಡಂ ಸೌಟಿನಂಥದೊಂದನ್ನು ಚರಂಡಿಗೆ ಅದ್ದಿ, ಬಿಳಿ ತಟ್ಟೆಗೆ ಸುರಿದು ನೋಡಿದರು. ನಾಲ್ಕು ಕಡೆ ನೋಡಿದರು. ಆಮೇಲೆ, “ಇಲ್ಲಿರೋದು ಬೇರೆ ಸೊಳ್ಳೆ ಸಾರ್. ಡೆಂಗಿ ತರೋದು ಕೊಳಚೆಗೆ ಬರಲ್ಲ, ಅದಕ್ಕೆ ತಿಳಿ ನೀರು ಬೇಕು. ಮನೆಗಳ ಹಿಂದೆ ನೋಡ್ಬೋದಾ?” ಎಂದು ಕೇಳಿದರು.

“ಮನೆ ಹಿಂದೆ ಏನೈತೆ ಮೇಡಂ? ಎಲ್ಲ ಕ್ಲೀನಾಗೈತೆ” ಎಂದರು ಅಧ್ಯಕ್ಷರು.

ಮೇಡಂ ವಾದ ಮಾಡಲಿಲ್ಲ. ಕೈ ತೊಳೆಯಬೇಕು ಎಂದರು. ಹತ್ತಿರದ ಮನೆ ನಮ್ಮದು. ನಲ್ಲಿ ಇರುವುದು ಹಿತ್ತಲಿನಲ್ಲಿ. ಅಲ್ಲಿ ಒಲೆಗೆ ಹಾಕುವ ತೆಂಗಿನ ಮಟ್ಟೆ, ಗರಿ, ಚಿಪ್ಪು ಎಲ್ಲ ಗೋಡೆಗೆ ಒರಗಿ ಬಿದ್ದಿದ್ದವು. ನಮ್ಮ ಕಡೆ ಯಾರ ಹಿತ್ತಲಲ್ಲಿ ಇರುವುದಿಲ್ಲ ಹೇಳಿ. ಕಾಯಿ ತುರಿದು ಚಿಪ್ಪನ್ನು ಅಡುಗೆಮನೆಯ ಬಾಗಿಲಿಂದಲೇ ಎಸೆಯುವುದು, ಬಿದ್ದ ಹಾಗೆ ಬೀಳುವುದು. ಕಸದ ಗಾಡಿಯವರು ತೆಂಗಿನ ಕಸ ತೆಗೆದುಕೊಳ್ಳುತ್ತಿರಲಿಲ್ಲ. ನಾವೂ ಅದನ್ನು ಕಸ ಎಂದುಕೊಂಡಿರಲಿಲ್ಲ. ಅದು ನಮಗೆ ಸೌದೆ.

ಮೇಡಂ ಬಾಯಿ ಮೇಲಾಗಿ ಬಿದ್ದ ಒಂದು ಚಿಪ್ಪನ್ನು ಮೆಲ್ಲಗೆ ಎತ್ತಿ ನನ್ನ ಕಣ್ಣಿನ ಹತ್ತಿರ ಹಿಡಿದರು. ಅಂಗೈಯಷ್ಟು ಮಳೆ ನೀರು. ಅದರಲ್ಲಿ ಸಣ್ಣ ಸಣ್ಣ ಮರಿಗಳು ಕೊಂಕಿ ಕೊಂಕಿ ಮೇಲೆ ಬಂದು ಮತ್ತೆ ಕೆಳಗೆ ಹೋಗುತ್ತಿದ್ದವು.

“ಇದೇ ಅಮ್ಮ. ವಾರದಲ್ಲಿ ರೆಕ್ಕೆ ಬಂದು ಹಾರುತ್ವೆ. ಮಗುಚಿ ಹಾಕಿದ್ರೆ ಸಾಕು, ಔಷಧಿನೂ ಬೇಡ” ಎಂದರು.

ಹೊರಗೆ ಹೋಗಿ ಅಧ್ಯಕ್ಷರಿಗೂ ಅದನ್ನೇ ಹೇಳಿದರು. ಅಧ್ಯಕ್ಷರು ಅವರನ್ನು ಜೀಪಿನವರೆಗೂ ಕಳಿಸಿ ಬಂದು, ನಮ್ಮನ್ನೆಲ್ಲ ಗುಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡರು.

“ನೋಡ್ರಪ್ಪ, ಚಿಪ್ಪಿನ್ ಮಾತು ಯಾರೂ ಎತ್ತಬೇಡಿ. ತಪ್ಪು ನಮ್ದೇ ಅಂತ ಒಪ್ಕಂಡ್ರೆ, ಮನೆ ಕ್ಲೀನ್ ಮಾಡ್ಕಳಿ ಹೋಗಿ ಅಂತಾರೆ. ಚರಂಡಿ ಹೋಯ್ತು ಅಂತ್ಲೇ ತಿಳ್ಕಳಿ. ಇಷ್ಟು ವರ್ಷ ತಿರುಗಿರೋನು ನಾನು.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಜ್ವರದ ಹೆಸರು ಹೇಳಿದ್ದಕ್ಕೇ ನಗರಸಭೆಯವರು ಮೊದಲ ಸಲ ನಮ್ಮ ಬೀದಿಗೆ ಕಾಲಿಟ್ಟಿದ್ದರು. ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ.

ಮನೆಗೆ ಬಂದು ನಮ್ಮ ಹಿತ್ತಲ ಚಿಪ್ಪನ್ನೆಲ್ಲ ಮಗುಚಿದೆ. ನಿಮ್ಮ ಅಮ್ಮನೂ ಕೈ ಹಾಕಿದಳು. ಗೋಡೆಯಾಚೆ ಪಕ್ಕದ ಮನೆಯಾಕೆಗೂ ಹೇಳಿ ಮಗುಚಿಸಿದೆ. ಅವಳು ಮಗುಚಿ ಮುಗಿಸಿ, ಸೊಂಟ ಹಿಡಿದುಕೊಂಡು ತನ್ನ ಮನೆಯ ಹಿಂದಕ್ಕೆ ಕೈ ತೋರಿಸಿದಳು. ಅವಳ ಹಿತ್ತಲಿಗೆ ಅಂಟಿದಂತೆ ಅಧ್ಯಕ್ಷರ ಹಿತ್ತಲು. ಅವರು ತೋಟದ ಕಾಯನ್ನು ಮನೆಯ ಅಟ್ಟದಲ್ಲೇ ಒಣಗಿಸಿ, ಸುಲಿಸಿ, ಕೊಬ್ಬರಿ ಮಾಡುತ್ತಿದ್ದರು. ಒಡೆದ ಚಿಪ್ಪಿನ ರಾಶಿ ಕಾಂಪೌಂಡಿನ ಎತ್ತರಕ್ಕೆ ಬಿದ್ದಿತ್ತು. ಅದರ ಎದುರಿಗೆ ಹುಡುಗಿ ಮಲಗುವ ಕೋಣೆಯ ಕಿಟಕಿ.

“ನನ್ನ ಮನೇದು ಮಗುಚಿ ಏನ್ ಮಾಡ್ಲಿ ಅಕ್ಕ? ನಾನೇಳಿದ್ರೆ ಅವ್ರು ಕೇಳ್ತಾರಾ? ನೀನು ಕಮಿಟೀಲಿದ್ದೀಯ, ನೀನೇಳು” ಎಂದಳು.

ಒಬ್ಬಳೇ ಗಂಡಸರ ಹತ್ತಿರ ಮಾತಾಡಲು ಹೋದವಳಲ್ಲ ನಾನು. ಆದರೂ ಮಾರನೆಯ ದಿನ ಸಂಜೆ ಅವರ ಗೇಟಿನ ಹತ್ತಿರ ಹೋಗಿ ನಿಂತೆ. ಅಧ್ಯಕ್ಷರು ಗಿಡಕ್ಕೆ ನೀರು ಬಿಡುತ್ತಿದ್ದರು.

“ಅಣ್ಣ, ಹಿಂದಿನ ಚಿಪ್ಪು…” ಎಂದೆ.

“ಇದ್ಲಿನ ಕಾರ್ಖಾನೆ ಲಾರಿ ಬರ್ಲಿ ಕಣಮ್ಮ, ಒಂದೇ ಸಲ ಎತ್ತುಸ್ತೀನಿ. ಈಗ ಚಿಪ್ಪಿಗೆ ರೇಟಿಲ್ಲ” ಎಂದು ನಕ್ಕರು. ಪೈಪು ಕೆಳಗಿಟ್ಟು, “ಒಳಗ್ ಬನ್ನಿ, ಕಾಫಿ ಕುಡೀರಿ” ಎಂದೂ ಕರೆದರು. ಹುಡುಗಿಯ ಮಾತು ಎತ್ತಲಿಲ್ಲ. ಬೇಡ ಅಣ್ಣ ಎಂದು ತಿರುಗಿ ಬಂದೆ.

ಎರಡು ದಿನ ಕಳೆದ ಮೇಲೆ ಹುಡುಗಿಗೆ ಮೈ ಬಿಸಿಯಾಯಿತು. ಆಟೊ ಕರೆಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಕೊಟ್ಟು, ಫಲಿತಾಂಶ ಬರುವ ತನಕ ಬೆಂಚಿನ ಮೇಲೆ ಕೂತಿದ್ದೆವು. ಅವಳ ತಾಯಿಗೆ ಒಂದೇ ಕೆಲಸ. ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಡೆಂಗಿ ಅಲ್ಲ, ಬರೀ ನೆಗಡಿ ಎಂದು ಬಂತು. ಹುಡುಗಿ ನಕ್ಕಳು. ನಾವಿಬ್ಬರೂ ನಗಲಿಲ್ಲ.

ಆ ವಾರವೇ ಪೌರಾಯುಕ್ತರು ಬಡಾವಣೆಗಳ ಸಂಘದವರನ್ನು ಕಚೇರಿಗೆ ಕರೆದರು. ದೊಡ್ಡ ಮೇಜು, ಸುತ್ತ ಕುರ್ಚಿ, ತಲೆಯ ಮೇಲೆ ಗಡಗಡ ಎನ್ನುವ ಫ್ಯಾನು. ಆರೋಗ್ಯದ ಮೇಡಂ ಒಂದು ಕಡೆ ಕೂತಿದ್ದರು. ಅಧ್ಯಕ್ಷರು ಚರಂಡಿಯ ವಿಷಯವನ್ನು ಚೆನ್ನಾಗಿ ಹೇಳಿದರು. ಹಾಲಿನ ಮನೆಯ ಹುಡುಗನ ಕಥೆಯನ್ನು ಅರ್ಜಿ ಮಡಿಸಿಟ್ಟು ಹೇಳಿದರು, ಅದು ನಾಟಕವಲ್ಲ. ಪೌರಾಯುಕ್ತರು ಬರೆದುಕೊಂಡು, ನನ್ನ ಕಡೆ ನೋಡಿ, “ಹೆಂಗಸರ ಕಡೆಯಿಂದ ಏನಾದ್ರೂ ಹೇಳೋದಿದ್ಯಾ?” ಎಂದು ಕೇಳಿದರು.

ಅವರು ಕೇಳಿದ್ದು ರೂಢಿಗೆ. ಇಲ್ಲ ಎಂದು ತಲೆ ಆಡಿಸಿದ್ದರೆ ಮುಗಿಯುತ್ತಿತ್ತು. ನಾನು ಚಿಪ್ಪಿನ ಮಾತನ್ನು ಕೂತಲ್ಲೇ ಹೇಳಿದೆ. ನನ್ನ ದನಿ ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಯಿತು.

“ಏನಂದ್ರು?” ಎಂದರು ಪೌರಾಯುಕ್ತರು.

“ನಲ್ಲಿ ನೀರು ಸರಿಯಾಗಿ ಬರಲ್ಲ ಅಂತಾವ್ರೆ ಸಾರ್” ಎಂದರು ಅಧ್ಯಕ್ಷರು. ಅವರಿಗೆ ನನ್ನ ಮಾತು ಕೇಳಿಸಿತ್ತು, ಅವರ ಕಿವಿ ಕೆಂಪಾಗಿದ್ದರಿಂದ ಗೊತ್ತಾಯಿತು. ಪೌರಾಯುಕ್ತರು ನಲ್ಲಿ ನೀರು ಎಂದು ಬರೆಯತೊಡಗಿದರು. ಮೊದಲ ಸಲ ಹೇಳುವಾಗ ನಾನು ಅಷ್ಟು ಯೋಚಿಸಿರಲಿಲ್ಲ. ಎರಡನೆಯ ಸಲ ಹೇಳಬೇಕಾದರೆ ಎಲ್ಲ ತಿಳಿದೇ ಹೇಳಬೇಕು. ಮೇಜು ಹಿಡಿದುಕೊಂಡು ಎದ್ದು ನಿಂತೆ.

“ನೀರಿನ್ ವಿಷಯ ಅಲ್ಲ ಸ್ವಾಮಿ. ನಮ್ಮ ಹಿತ್ಲ ಚಿಪ್ಪಲ್ಲಿ ಸೊಳ್ಳೆ ಮರಿ ಅವೆ. ನಮ್ಮನೇದು ನಾನು ಮಗುಚಿದೀನಿ. ಮಿಕ್ಕಿದ್ದಕ್ಕೆ ಒಂದ್ ಗಾಡಿ ಕಳ್ಸಿ. ಚರಂಡೀನೂ ಬೇಕು. ಆದ್ರೆ ಅದು ಆಗೋವರ್ಗೂ ಕಾಯಕ್ಕೆ ಪಕ್ಕದ್ಮನೆ ಹುಡುಗೀಗೆ ಆಗಲ್ಲ, ಅವ್ಳಿಗೆ ದಿನ ತುಂಬೈತೆ.”

ಪೌರಾಯುಕ್ತರು ಅಧ್ಯಕ್ಷರ ಮುಖ ನೋಡಿದರು.

“ಅದ್ನೇ ನಾನೂ ಹೇಳೋಣ ಅಂತಿದ್ದೆ ಸಾರ್” ಎಂದರು ಅಧ್ಯಕ್ಷರು.

ಆರೋಗ್ಯದ ಮೇಡಂ ತಲೆ ತಗ್ಗಿಸಿಕೊಂಡು ನಕ್ಕದ್ದು ನನಗೆ ಕಾಣಿಸಿತು.

ಎರಡು ದಿನದಲ್ಲಿ ನಗರಸಭೆಯ ಟ್ರ್ಯಾಕ್ಟರ್ ಬಂತು. ಮೇಡಂ ಜೊತೆ ನಾನೂ ಮನೆ ಮನೆಗೆ ಹೋದೆ. ಇಷ್ಟು ವರ್ಷ ಗೇಟಿನಿಂದಲೇ ನೋಡಿದ್ದ ಮನೆಗಳ ಹಿತ್ತಲನ್ನು ಅಂದು ನೋಡಿದೆ. ಹೆಂಗಸರು, “ಒಲೆಗೆ ಇಷ್ಟಿರ್ಲಿ ಬುಡ್ರೀ” ಎಂದು ಒಂದಿಷ್ಟನ್ನು ಚೀಲಕ್ಕೆ ತುಂಬಿ ಒಳಗಿಟ್ಟುಕೊಂಡು, ಮಿಕ್ಕದ್ದನ್ನು ಕೊಟ್ಟರು. ಅಧ್ಯಕ್ಷರ ಗೇಟು ಹಾಕಿತ್ತು. ಟ್ರ್ಯಾಕ್ಟರ್ ಸ್ವಲ್ಪ ಹೊತ್ತು ನಿಂತು ಹೋಯಿತು. ಪಕ್ಕದ ಮನೆಯಾಕೆ ನನ್ನ ಮುಖ ನೋಡಿದಳು. ನನ್ನಲ್ಲಿ ಇದ್ದ ಮಾತೆಲ್ಲ ಕಚೇರಿಯಲ್ಲೇ ಖರ್ಚಾಗಿತ್ತು.

ಸಂಜೆ ನಾನು ಪಕ್ಕದ ಮನೆಯ ಹಿತ್ತಲಲ್ಲಿದ್ದಾಗ ಹಿಂದಿನ ಗೋಡೆಯ ಆಚೆ ಸದ್ದಾಯಿತು. ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿಕೊಂಡು, ಹೆಂಡತಿಯ ಜೊತೆ ರಾಶಿಯ ಚಿಪ್ಪನ್ನು ಮಂಕರಿಯಲ್ಲಿ ತುಂಬಿ ಕೊಟ್ಟಿಗೆಯ ಸೂರಿನ ಕೆಳಗೆ ಸುರಿಯುತ್ತಿದ್ದರು. ಒಂದೊಂದು ಮಂಕರಿಗೂ ನೀರು ಚೆಲ್ಲುತ್ತಿತ್ತು. ನನ್ನ ಕಡೆ ತಿರುಗದೆ, ಗೋಡೆಗೆ ಹೇಳುವ ಹಾಗೆ, “ಇಷ್ಟು ವರ್ಷ ಸೊಳ್ಳೆಗೆ ಬಾಡಿಗೆ ಇಲ್ದಂಗೆ ಮನೆ ಕೊಟ್ಟಿದ್ದೆ ನೋಡೇ” ಎಂದರು.

“ಅವೂ ನಿಮ್ಮನ್ನೇ ಅಧ್ಯಕ್ಷರು ಅಂದ್ಕಂಡಿದ್ವೇನೋ. ಮೊದ್ಲು ಬಗ್ಗಿ ಮಂಕರಿ ಎತ್ತಿ” ಎಂದರು ಅವರ ಹೆಂಡತಿ.

ಜ್ವರ ಇಳಿಯಿತು. ಚರಂಡಿ ಮಾತ್ರ ಆ ವರ್ಷದ ಕೆಲಸಗಳಲ್ಲಿ ಸೇರಲಿಲ್ಲ. ನಾನು ಬಾಯಿ ಬಿಟ್ಟಿದ್ದರಿಂದಲೇ ಹಾಗಾಯಿತೋ, ಹೇಗಿದ್ದರೂ ಹಾಗೇ ಆಗುತ್ತಿತ್ತೋ, ನನಗೆ ಇವತ್ತಿಗೂ ತಿಳಿಯದು. ಹಿಟ್ಟಿನ ಗಿರಣಿಯಲ್ಲಿ ಒಬ್ಬರು, “ಬಂದಿದ್ ಚರಂಡೀನ ತಿರುಗಿಸಿ ಕಳ್ಸಿದ್ರು” ಎಂದು ನನಗೆ ಕೇಳಿಸುವ ಹಾಗೇ ಅಂದರು. ಮುಂದಿನ ಮಳೆಗೆ ಮತ್ತೆ ಮೂರು ಮನೆಗೆ ನೀರು ನುಗ್ಗಿದಾಗ ಆ ಮನೆಗಳವರ ಮುಖ ನೋಡುವುದು ನನಗೆ ಕಷ್ಟವಾಯಿತು. ಅಧ್ಯಕ್ಷರೂ ಕೆಲವು ತಿಂಗಳು ನನ್ನನ್ನು ಸಭೆಗೆ ಕರೆಯಲಿಲ್ಲ.

ಹುಡುಗಿ ಟ್ರ್ಯಾಕ್ಟರ್ ಬಂದ ತಿಂಗಳೇ ಹೆತ್ತಿದ್ದಳು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ ಒಂದು ಮಧ್ಯಾಹ್ನ ಅದಕ್ಕೆ ಎಣ್ಣೆ ಹಚ್ಚಿ ನೀರು ಹಾಕಲು ನಾನು ಅವರ ಮನೆಯಲ್ಲಿದ್ದೆ. ಅಧ್ಯಕ್ಷರು ಬಂದು ಹಜಾರದಲ್ಲಿ ಕೂತರು. ಕೈಯಲ್ಲಿ ಹೊಸ ಅರ್ಜಿ.

“ಸಹಿ ಹಾಕಮ್ಮ. ಈ ಸಲ ಚರಂಡಿ ಒಂದೇ.”

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅರ್ಜಿಯನ್ನು ಪೂರ್ತಿ ಓದಿದೆ. ಅವರು ಕಾದರು.

“ತೆಂಗಿನ ಕಸಕ್ಕೂ ತಿಂಗ್ಳಿಗೊಂದ್ ಗಾಡಿ ಬರ್ಬೇಕು ಅಂತ ಸೇರ್ಸಿ ಅಣ್ಣ. ಆಮೇಲ್ ಹಾಕ್ತೀನಿ” ಎಂದೆ.

“ಎರಡು ಕೇಳಿದ್ರೆ ಒಂದೂ ಕೊಡಲ್ಲ ಕಣಮ್ಮ.”

“ಕೊಡ್ದಿದ್ರೆ ಮತ್ತೆ ಹೋಗಿ ಕೇಳೋಣ. ನಾನೂ ಬತ್ತೀನಿ.”

ಅವರು ಜೇಬಿನಿಂದ ಪೆನ್ನು ತೆಗೆದರು. ಬರೆಯಲು ಜಾಗವಿಲ್ಲದೆ ಕಾಗದವನ್ನು ಅಡ್ಡ ತಿರುಗಿಸಿ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿದರು. ನಾನು ಅದನ್ನೂ ಓದಿ ಸಹಿ ಹಾಕಿದೆ. ಒಳಗಿನಿಂದ ಹುಡುಗಿ, “ದೊಡ್ಡಮ್ಮ, ನೀರು ತಣ್ಣಗಾಗ್ತೈತೆ” ಎಂದು ಕೂಗಿದಳು. ನಾನು ಎದ್ದು ಮಗುವಿನ ಹತ್ತಿರ ಹೋದೆ.